ಜೋಲಿಯಲ್ಲಿದ್ದ ಕೂಸು

ದೆವ್ವ ಕಂಡೆ, ಗಾಳಿ ಸೋಕಿತು ಅಂತ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ನಮ್ಮ ದೊಡ್ಡಮ್ಮ ಒಬ್ಬರಿದ್ದರು, ಊಟಕ್ಕೆ ಕೂತಾಗಲೆಲ್ಲ ಬಾವಿಕಟ್ಟೆಯಲ್ಲಿ ಯಾರಿಗೋ ಯಾರೋ ಕಂಡ ಕಥೆ ತೆಗೆಯುತ್ತಿದ್ದರು. "ದೊಡ್ಡಮ್ಮ, ಆ ದೆವ್ವಕ್ಕೆ ಪಿತ್ತಕೋಶ ಇತ್ತಾ ಅಂತ ವಿಚಾರಿಸಿದ್ರಾ?" ಅಂತ ನಾನು ಕೆಣಕುತ್ತಿದ್ದೆ. ಅವರು ಮುನಿಸಿಕೊಂಡು ಎಲೆ ಬಿಟ್ಟು ಎದ್ದದ್ದೂ ಉಂಟು. ವೈದ್ಯಕೀಯ ಓದಿ, ಆಮೇಲೆ ಸಂಶೋಧನೆಯ ಕಡೆ ತಿರುಗಿ, ಬದುಕಿನ ಬಹುಭಾಗವನ್ನು ಗಾಜಿನ ನಳಿಕೆಗಳ ಮುಂದೆ ಕಳೆದವಳು ನಾನು. ಕಣ್ಣಿಗೆ ಕಾಣಬೇಕು, ಇನ್ನೊಬ್ಬರು ಮಾಡಿ ನೋಡಿದರೂ ಹಾಗೇ ಬರಬೇಕು, ಅಂಥದ್ದಷ್ಟೇ ನಿಜ ಅಂತ ನಂಬಿದವಳು. ಈಗಲೂ ಹಾಗೇ ನಂಬಿದ್ದೇನೆ. ಅದಕ್ಕೇ ಈ ಸಂಗತಿ ಇಷ್ಟು ವರ್ಷವಾದರೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನೀವು ನಂಬಲೇಬೇಕು ಅಂತ ನನ್ನ ಹಟವೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಅರವತ್ತರ ದಶಕದ ನಡುವಿನ ಮಾತು. ಯಶವಂತಪುರ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ, ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಪ್ರಯೋಗಾಲಯವಿತ್ತು. ಹುಟ್ಟಿನಿಂದಲೇ ಬರುವ ಕೆಲವು ಅಪರೂಪದ ರೋಗಗಳ ಹುಡುಕಾಟ ನಮ್ಮ ಕೆಲಸ. ತಿಂದದ್ದನ್ನು ಮೈಗೂಡಿಸಲು ನಮ್ಮ ದೇಹದೊಳಗೆ ನೂರಾರು ಕೆಲಸಗಾರರಿದ್ದಾರೆ ಅಂತ ಇಟ್ಟುಕೊಳ್ಳಿ. ಕೆಲವು ಮಕ್ಕಳಲ್ಲಿ ಅವರಲ್ಲಿ ಒಬ್ಬ ಹುಟ್ಟಾ ಗೈರುಹಾಜರು. ಆಗ ಬೇರೆಯವರಿಗೆ ಒಗ್ಗುವ ಆಹಾರವೇ ಆ ಮಗುವಿಗೆ ವಿಷವಾಗುತ್ತದೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಆ ಕೊರತೆ ಇಳಿದು ಬಂದರೆ ಮಾತ್ರ ರೋಗ ಕಾಣಿಸುತ್ತದೆ. ಒಂದೇ ರಕ್ತದವರು ಮದುವೆಯಾದ ಮನೆಗಳಲ್ಲಿ ಹಾಗಾಗುವುದು ಹೆಚ್ಚು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಮಾಮೂಲಿ ಅಲ್ಲವೇ? ಕೂಸುಗಳು ಒಂದರ ಹಿಂದೊಂದು ಸತ್ತ ಮನೆ ಎಲ್ಲಿದೆ ಅಂತ ಕೇಳಿಕೊಂಡು ನಾನು ಯಲಹಂಕ, ಬಾಗಲೂರು, ಹೆಬ್ಬಾಳದ ಸುತ್ತಿನ ಹಳ್ಳಿಗಳಿಗೆಲ್ಲ ಹೋಗುತ್ತಿದ್ದೆ. ಕೈಯಲ್ಲೊಂದು ಚೀಲ, ಅದರೊಳಗೆ ಅಗಲ ಬಾಯಿಯ ಸೀಸೆಗಳು, ಒಂದಷ್ಟು ಹತ್ತಿ. ಮಕ್ಕಳ ಮೂತ್ರ ಹಿಡಿದು ತಂದು ಪರೀಕ್ಷೆ ಮಾಡುವುದು. ಎಷ್ಟೋ ಊರುಗಳಲ್ಲಿ ನನಗೆ "ಉಚ್ಚೆ ಡಾಕ್ಟ್ರಮ್ಮ" ಅಂತಲೇ ಹೆಸರು. ಎದುರಿಗೇ ಕರೆಯುತ್ತಿದ್ದರು, ಮುಚ್ಚುಮರೆ ಏನೂ ಇರಲಿಲ್ಲ.

ಚಿಕ್ಕಬಾಣಾವರದಲ್ಲಿ ರೈಲಿಳಿದು, ಕೆರೆ ಏರಿ ದಾಟಿ, ಶೆಟ್ಟಿಹಳ್ಳಿಯ ದಿಕ್ಕಿಗೆ ಹೊಲದ ಬದುಗಳ ಮೇಲೆ ನಡೆದರೆ ಒಂದು ಸಣ್ಣ ಊರು ಸಿಗುತ್ತಿತ್ತು. ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿ ಜಯಮ್ಮ ಅಂತ ಒಬ್ಬಳು ಹೆಣ್ಣುಮಗಳು. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿ ಅಜ್ಜಿ ನಂಜಮ್ಮನ ಕೈಯಲ್ಲಿ ಬೆಳೆದವಳು. ದೊಡ್ಡವಳಾದ ಮೇಲೆ ಅದೇ ಅಜ್ಜಿಯ ಕಿರಿಮಗ ಹನುಮಂತಪ್ಪನಿಗೆ, ಅಂದರೆ ಅವಳ ಸ್ವಂತ ಸೋದರಮಾವನಿಗೆ, ಕೊಟ್ಟು ಮದುವೆ ಮಾಡಿದ್ದರು. ತವರೂ ಅದೇ, ಗಂಡನ ಮನೆಯೂ ಅದೇ, ಅಜ್ಜಿಯೇ ಅತ್ತೆ. ಜಯಮ್ಮ ಕೊನೆಯವರೆಗೂ ಆಕೆಯನ್ನು ಅಜ್ಜಿ ಅಂತಲೇ ಕರೆದಳು.

ಮೊದಲು ಒಂದು ಗಂಡುಮಗು ಹುಟ್ಟಿತ್ತು. ಹುಟ್ಟಿದಾಗ ಗಟ್ಟಿಮುಟ್ಟಾಗಿಯೇ ಇತ್ತಂತೆ. ಹಾಲು ಕುಡಿಯಲು ಶುರುಮಾಡಿದ ಕೆಲವೇ ದಿನಗಳಲ್ಲಿ ವಾಂತಿ, ಆಮೇಲೆ ಮೈಯೆಲ್ಲ ಹಳದಿ, ಹೊಟ್ಟೆ ಉಬ್ಬರ. ಹೆಸರಿಡುವ ಮುಂಚೆಯೇ ಹೋಗಿಬಿಟ್ಟಿತು. ಊರಿನ ಹೆಂಗಸರು, ಜಯಮ್ಮನ ಎದೆಹಾಲಿನಲ್ಲೇ ವಿಷವಿದೆ ಅಂದರು. ಎರಡನೆಯದು ಹೆಣ್ಣು. ಅದಕ್ಕೆ ಮೊದಲ ದಿನದಿಂದ ಹಸುವಿನ ಹಾಲು ಕೊಟ್ಟರು. ಅದೂ ಹಾಗೆಯೇ ಹೋಯಿತು. ಎರಡನ್ನೂ ಡಾಕ್ಟರಿಗೆ ತೋರಿಸಿರಲಿಲ್ಲ, ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ನನ್ನ ಕೈಗೆ ಪರೀಕ್ಷೆಗೆ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಕೂಸು ಹಳದಿಯಾಗಿ ಸಾಯಲು ಹತ್ತಾರು ಕಾರಣಗಳಿರುತ್ತವೆ. ಯಾವುದು ಅಂತ ತಿಳಿಯದೆ ಏನನ್ನು ಬಿಡಿ ಅಂತ ಹೇಳಲಿ?

ನಾನು ಆ ಮನೆಗೆ ಮೊದಲ ಸಲ ಹೋದಾಗ ಜಯಮ್ಮ ಮೂರನೆಯ ಬಸುರಿ. ಹೆರಿಗೆಯಾದ ಕೂಡಲೇ ಹೇಳಿಕಳಿಸಿ, ಮಗುವಿನ ಮೂತ್ರ ಬೇಕು ಅಂದೆ. ನಂಜಮ್ಮಜ್ಜಿ ಸುತರಾಂ ಒಪ್ಪಲಿಲ್ಲ. ಪುರುಡಿನ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ, ಪುರುಡು ಕಳೆದು ತಲೆಗೆ ನೀರು ಹಾಕಿದ ಮೇಲೆ ಬನ್ನಿ ಅಂದಳು. "ಅಜ್ಜಿ, ಹಿಂದಿನ ಎರಡೂ ಪುರುಡು ಕಳೆಯೋ ಮುಂಚೇನೇ ಹೋದವಲ್ಲ!" ಅಂತ ನಾನು ರೇಗಿದೆ. ಅಜ್ಜಿ ಮುಖ ಆಚೆ ತಿರುಗಿಸಿಕೊಂಡು ಎಲೆಯಡಿಕೆ ಹಾಕಿಕೊಂಡಳು. ಜಯಮ್ಮ ಮಾತ್ರ ನನ್ನನ್ನು ಕೆರೆ ಏರಿಯವರೆಗೆ ಕಳಿಸಿಕೊಡಲು ಬಂದು, "ಇದೊಂದು ಉಳೀತದಾ ಡಾಕ್ಟ್ರಮ್ಮ?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಸುಳ್ಳು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಸುಗ್ಗಿಯ ಕಾಲ. ಚಿಕ್ಕಬಾಣಾವರದಲ್ಲಿ ಬೇರೊಂದು ಮನೆಯಲ್ಲಿ ನನಗೆ ಕೆಲಸವಿತ್ತು. ಅದು ಬೇಗ ಮುಗಿಯಿತು, ರೈಲಿಗೆ ಇನ್ನೂ ಹೊತ್ತಿತ್ತು. ಜಯಮ್ಮನಿಗೆ ದಿನ ತುಂಬುತ್ತಿರಬೇಕು, ನೋಡಿಕೊಂಡು ಹೋಗೋಣ ಅಂತ ಆ ಊರಿನ ಕಡೆ ನಡೆದೆ. ಮಟಮಟ ಮಧ್ಯಾಹ್ನ. ಬಿಸಿಲಿಗೆ ಅವರೆ ಹೊಲದ ಸೊಗಡು ಮೂಗಿಗೆ ಬಡಿಯುತ್ತಿತ್ತು. ಊರಿನಲ್ಲಿ ನರಪಿಳ್ಳೆ ಇಲ್ಲ. ರಾಗಿ ಒಕ್ಕಣೆ ನಡೆದಿತ್ತಲ್ಲ, ಎಲ್ಲರೂ ಕಣದಲ್ಲಿದ್ದಾರೆ ಅಂತ ಅರ್ಥ ಮಾಡಿಕೊಂಡೆ. ದೂರದಲ್ಲಿ ರೋಣಗಲ್ಲು ಉರುಳುವ ಸದ್ದು ಮಾತ್ರ ಕೇಳುತ್ತಿತ್ತು.

ಜಯಮ್ಮನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಜಗುಲಿಯ ಮೇಲೆ ನಿಂತು ಕೂಗಿದೆ. ಉತ್ತರವಿಲ್ಲ. ಆದರೆ ಒಳಗಿನಿಂದ ಒಂದು ಕೂಸು ಅಳುವುದು ಕೇಳಿತು. ಜೋರು ಅಳುವಲ್ಲ, ಅತ್ತು ಅತ್ತು ಸುಸ್ತಾದ ಕೂಸಿನ ಕೀರಲು ದನಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆತ್ತಿದ್ದಾಳೆ, ನನಗೊಂದು ಮಾತು ಹೇಳಿಕಳಿಸಿಲ್ಲ! ಪುರುಡಂತೆ ಪುರುಡು ಅಂತ ಗೊಣಗಿಕೊಂಡು ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಬಿಸಿಲಿನಿಂದ ಹೋದವಳಿಗೆ ನಡುಮನೆ ಕತ್ತಲೆ ಅನಿಸಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ನಡುಮನೆಯ ತೊಲೆಗೆ ಹಳೆಯ ಸೀರೆಯೊಂದರ ಜೋಲಿ ಕಟ್ಟಿತ್ತು. ಈಗತಾನೇ ಯಾರೋ ತೂಗಿ ಎದ್ದುಹೋದ ಹಾಗೆ ಅದು ಆಡುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ಹಾಕಿತ್ತು. ಬಾಣಂತಿ ಕೂಸನ್ನು ಬಿಟ್ಟು ಎಲ್ಲಿ ಹೋದಳು, ಇದೆಂಥ ಜನ ಅಂದುಕೊಂಡೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಅಜ್ಜಿ ಬಂದರೆ ನನ್ನನ್ನು ಹೊಸಿಲಿನಿಂದಲೇ ಓಡಿಸುತ್ತಾಳೆ, ಈಗ ತಡೆಯುವವರಿಲ್ಲ.

ಕೈಯಿಂದ ಜೋಲಿ ಹಿಡಿದು ನಿಲ್ಲಿಸಿ ಸೀರೆ ಸರಿಸಿದೆ. ಒಂದು ವಾರದ ಕೂಸಿರಬೇಕು. ಹೆಣ್ಣು. ತಲೆತುಂಬ ಕಪ್ಪು ಕೂದಲು. ಮೈ, ಕಣ್ಣಿನ ಬಿಳಿ ಎಲ್ಲ ಹಳದಿ. ಹೊಟ್ಟೆ ಬಿಗಿದುಕೊಂಡಿತ್ತು, ಪಕ್ಕೆಲುಬಿನ ಕೆಳಗೆ ಬೆರಳಿಟ್ಟರೆ ಊದಿಕೊಂಡ ಯಕೃತ್ತು ಗಟ್ಟಿಯಾಗಿ ಸಿಕ್ಕಿತು. ಕೆಳಗಿನ ಬಟ್ಟೆ ತೊಪ್ಪೆಯಾಗಿತ್ತು. ಅದನ್ನು ಎಳೆದುಕೊಂಡು ಸೀಸೆಯೊಳಗೆ ಹಿಂಡಿದೆ, ಬೇಕಾದಷ್ಟು ಸಿಕ್ಕಿತು. ಚೀಲದಲ್ಲಿದ್ದ ಒಣ ಹತ್ತಿಯನ್ನು ದಪ್ಪಗೆ ಮಡಿಸಿ ಕೂಸಿನ ಕೆಳಗೆ ಹಾಸಿದೆ. ಮೈ ಬೆಚ್ಚಗಿತ್ತು. ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಂಡು, ಅಳು ನಿಲ್ಲಿಸಿ ನನ್ನ ಕಡೆ ಕಣ್ಣು ತಿರುಗಿಸಿತು. ಪಾಪೆಯೊಳಗೆ ಪೊರೆ ಬರುವ ಹಾಗೆ ಬೆಳ್ಳಗೆ ಮಸುಕು ಕಂಡಿತು. ಸ್ವಲ್ಪ ಹೊತ್ತು ಕಾದೆ. ಯಾರೂ ಬರಲಿಲ್ಲ, ರೈಲಿಗೆ ಹೊತ್ತಾಗುತ್ತಿತ್ತು. ಸೀಸೆಗೆ ಬಿರಡೆ ಹಾಕಿ, ಒದ್ದೆ ಬಟ್ಟೆಯನ್ನು ಅಲ್ಲೇ ಗೋಡೆಯ ಗೂಟಕ್ಕೆ ಸಿಕ್ಕಿಸಿ ಹೊರಟೆ.

ಜಗುಲಿ ಇಳಿದು ಚಪ್ಪಲಿ ಮೆಟ್ಟುವಾಗ ಬೆನ್ನ ಹಿಂದೆ ತೊಲೆ ಕಿರುಗುಟ್ಟುವುದು ಕೇಳಿಸಿತು. ಯಾರೋ ಮತ್ತೆ ಜೋಲಿ ತೂಗುತ್ತಿದ್ದರು. ಸದ್ಯ, ಹಿತ್ತಲಿಂದ ಬಂದರಲ್ಲ ಅಂದುಕೊಂಡೆ. ಮುಚ್ಚಿದ್ದ ಹಿತ್ತಲ ಬಾಗಿಲು ತೆರೆದ ಸದ್ದು ಕೇಳಲಿಲ್ಲವಲ್ಲ ಅನ್ನುವ ಯೋಚನೆ ನನಗೆ ಬಂದದ್ದು ರೈಲಿನಲ್ಲಿ ಕೂತ ಮೇಲೆ.

ಸಂಜೆ ಪ್ರಯೋಗಾಲಯದಲ್ಲಿ ಸೀಸೆ ತೆರೆದೆ. ಮೂತ್ರದಲ್ಲಿ ಸಕ್ಕರೆಯಿದೆಯೇ ಅಂತ ನೋಡಲು ಒಂದು ನೀಲಿ ದ್ರಾವಣದ ಜೊತೆ ಕುದಿಸುತ್ತೇವೆ. ಕುದಿಸಿದರೆ ಇಟ್ಟಿಗೆ ಕೆಂಪಾಯಿತು. ಅಂದರೆ ಸಕ್ಕರೆ ತುಂಬ ಇದೆ. ಆದರೆ ಸಿಹಿಮೂತ್ರ ರೋಗದವರಲ್ಲಿ ಕಾಣುವ ಸಕ್ಕರೆ ಅದಲ್ಲ. ಅದಕ್ಕೆ ಬೇರೆ ಪರೀಕ್ಷೆ ಮಾಡಿದೆ, ಏನೂ ಬರಲಿಲ್ಲ. ಒಂದು ತೊಟ್ಟನ್ನು ಶೋಧಕ ಕಾಗದದ ಮೇಲಿಟ್ಟು ದ್ರಾವಣದಲ್ಲಿ ನಿಲ್ಲಿಸಿದೆ. ಹಾಗಿಟ್ಟರೆ ಒಂದೊಂದು ಸಕ್ಕರೆ ಕಾಗದದಲ್ಲಿ ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಬೆಳಗ್ಗೆ ತೆಗೆದು ನೋಡಿದಾಗ ಚುಕ್ಕೆ ಗ್ಯಾಲಕ್ಟೋಸ್ ನಿಲ್ಲುವ ಜಾಗದಲ್ಲೇ ನಿಂತಿತ್ತು. ಅದು ಹಾಲಿನಿಂದ ಬರುವ ಸಕ್ಕರೆ. ಅದನ್ನು ಅರಗಿಸುವ ಕೆಲಸಗಾರನಿಲ್ಲದ ಕೂಸು ಹಾಲು ಕುಡಿದರೆ, ತಾಯಿಯದಾಗಲಿ ಹಸುವಿನದಾಗಲಿ, ಅದೇ ಅದನ್ನು ಕೊಲ್ಲುತ್ತದೆ. ಹಾಲು ನಿಲ್ಲಿಸಿದರೆ ಬದುಕುತ್ತದೆ. ನಮ್ಮ ಹುಡುಕಾಟದಲ್ಲಿ ಸಿಕ್ಕ ರೋಗಗಳಲ್ಲಿ ಇಷ್ಟು ಸುಲಭದ ಮದ್ದು ಇರುವುದು ಬಲು ಕಡಿಮೆ.

ಪ್ರಯೋಗಾಲಯ ನಡೆಸುತ್ತಿದ್ದ ನಮ್ಮ ಪ್ರೊಫೆಸರು ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಆ ಒಂದು ದಿನ. "ಏನ್ ನಿಂತ್ಕೊಂಡು ನೋಡ್ತಿದ್ದೀರಿ ಕಣ್ರೀ, ಓಡಿ! ಒಂದ್ ತೊಟ್ಟು ಹಾಲೂ ಕೊಡಬೇಡಿ ಅನ್ನಿ" ಅಂದರು. ಅವರ ಬಳಿ ಹೊರದೇಶದಿಂದ ತರಿಸಿಟ್ಟಿದ್ದ ಸೋಯಾ ಪುಡಿಯ ಡಬ್ಬಗಳಿದ್ದವು, ಹಾಲಿನ ಬದಲು ಕೂಸುಗಳಿಗೆ ಕಲಸಿ ಕೊಡುವಂಥದ್ದು. ಅವನ್ನು ಚೀಲಕ್ಕೆ ತುಂಬಿಕೊಂಡು ಸಿಕ್ಕ ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ನಿನ್ನೆ ಅಷ್ಟು ಹಳದಿಯಿದ್ದ ಕೂಸು ಇವತ್ತು ಇರುತ್ತದೋ ಇಲ್ಲವೋ ಅಂತ.

ಜಯಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೊಟ್ಟೆ ಮುಂದಕ್ಕೆ ತುಂಬಿಕೊಂಡಿತ್ತು. ದಿನ ತುಂಬಿದ ಬಸುರಿ.

ನಾನು ಏದುಸಿರು ಬಿಡುತ್ತ ನಿಂತೆ. "ಮಗು ಎಲ್ಲಿ?" ಅಂದೆ. ಅವಳು ನಕ್ಕು, "ಇಲ್ಲೇ ಐತಲ್ಲ ಡಾಕ್ಟ್ರಮ್ಮ, ಒಟ್ಟೇಲಿ" ಅಂದಳು. ಅವಳ ಪಕ್ಕದಲ್ಲೇ ಹಾದು ಒಳಗೆ ನುಗ್ಗಿದೆ. ನಡುಮನೆಯಲ್ಲಿ ಜೋಲಿ ಇರಲಿಲ್ಲ. ನಾನು ಜೋಲಿ ಕಂಡ ತೊಲೆಗೆ ಆ ತುದಿಯಿಂದ ಈ ತುದಿಯವರೆಗೆ ಬೀಜದ ಮುಸುಕಿನ ಜೋಳದ ತೆನೆಗಳನ್ನು ಒತ್ತಾಗಿ ಕಟ್ಟಿದ್ದರು. ಅವುಗಳ ಮೇಲೆ ಒಲೆಯ ಮಸಿ ಕೂತಿತ್ತು. ಹಗ್ಗ ಹಾಕಲು ಎಲ್ಲೂ ಜಾಗವೇ ಇರಲಿಲ್ಲ. ಗೂಟದಲ್ಲಿ ಒದ್ದೆ ಬಟ್ಟೆಯಿರಲಿಲ್ಲ, ಹತ್ತಿಯ ಒಂದು ಎಳೆಯೂ ಇರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಜ್ಜಿ ನೀರು ತಂದುಕೊಟ್ಟಳು. ನಿನ್ನೆ ಮಧ್ಯಾಹ್ನ ಇಲ್ಲಿ ಜೋಲಿ ಕಟ್ಟಿದ್ದವರು ಯಾರು ಅಂತ ಕೇಳಿದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. "ಬಿಡ್ತು ಅನ್ನಿ! ಉಟ್ಟೋಕ್ ಮುಂಚೆ ಯಾರಾನಾ ಜೋಲಿ ಕಟ್ತಾರಾ? ಒಂದ್ ಚಿಂದಿ ಬಟ್ಟೇನೂ ಎತ್ತಿಕ್ಕಲ್ಲ ನಾವು. ನಿನ್ನೆ ನಾವೆಲ್ಲ ಕಣದಾಗೇ ಇದ್ವಿ, ಮನೆಗೆ ಬೀಗ ಆಕಿದ್ದೆ. ಜಯನ್ನೂ ಕರ್ಕೊಂಡೋಗಿ ಮರದ ನೆರಳಲ್ಲಿ ಕೂರಿಸ್ಕೊಂಡಿದ್ದೆ." ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ತೆಗೆದು ತೋರಿಸಿದಳು.

ಮನೆ ತಪ್ಪಿದ್ದೇನೆ, ಅಷ್ಟೇ. ನನಗೆ ನಾನೇ ಬೈದುಕೊಂಡು ಎದ್ದೆ. ಬಿಸಿಲಿನಲ್ಲಿ ಬಂದವಳು, ಎಲ್ಲ ಮನೆಗಳೂ ಒಂದೇ ಥರ ಇವೆ, ಬೇರೆ ಯಾರದೋ ಮನೆಗೆ ನುಗ್ಗಿರಬೇಕು. ಹಾಗಿದ್ದರೆ ಈ ಊರಿನಲ್ಲೇ ಎಲ್ಲೋ ಒಂದು ಕೂಸು ಈ ಗಳಿಗೆಯಲ್ಲೂ ಹಾಲು ಕುಡಿಯುತ್ತಿದೆ, ಸಾಯುತ್ತಿದೆ. ಅಜ್ಜಿಯನ್ನು ಕರೆದುಕೊಂಡು ಮನೆಮನೆ ಹೊಕ್ಕೆ. ಊರಿನ ಹೆರಿಗೆಗಳಿಗೆಲ್ಲ ಅವಳೇ ಹೋಗುವವಳು. ಎಳೆಗೂಸುಗಳಿದ್ದದ್ದು ಎರಡೇ ಮನೆಯಲ್ಲಿ, ಎರಡೂ ಗಂಡು, ಎರಡೂ ಕೆಂಪಗೆ ಗುಂಡಗೆ ಇದ್ದವು. ಶೆಟ್ಟಿಹಳ್ಳಿಯ ಕಡೆಗೂ ಹೋಗಿ ವಿಚಾರಿಸಿದೆವು. ಹಳದಿಯಾದ ಕೂಸು, ವಾರದೊಳಗಿನ ಹೆಣ್ಣು, ಎಲ್ಲೂ ಇಲ್ಲ. ಸತ್ತದ್ದೂ ಇಲ್ಲ.

ಊರಿಗೆ ವಾಪಸ್ಸು ಬರುವಾಗ ಅಜ್ಜಿ ಹೊಂಗೆ ಮರದ ಬುಡದಲ್ಲಿ ಕೂತುಬಿಟ್ಟಳು. "ಬೆಳಗ್ಗಿಂದ ಅಲೆಸ್ತಾ ಇದ್ದೀರಿ. ಯಾವ್ ಕೂಸು ಉಡುಕ್ತಿದ್ದೀರಿ, ಬಾಯ್ಬಿಟ್ಟು ಏಳಿ" ಅಂದಳು. ಬೇರೆ ದಾರಿಯಿಲ್ಲದೆ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, "ಗಂಡೋ, ಎಣ್ಣೋ?" ಅಂದಳು.

"ಹೆಣ್ಣು."

"ತಲೆ ತುಂಬಾ ಕೂದ್ಲಿತ್ತಾ?"

ನನಗೆ ಉತ್ತರ ಕೊಡಲು ಇಷ್ಟವಿರಲಿಲ್ಲ. ಇತ್ತು ಅಂದೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ ಎರಡ್ನೇದು ಕಣವ್ವ. ಅದ್ಕೂ ಆಲೇ ಅಲ್ವಾ ಕುಡ್ಸಿದ್ದು, ನಾನೇ ಅಲ್ವಾ ಕುಡ್ಸಿದ್ದು" ಅಂತ ಗೋಳೋ ಅಂತ ಅತ್ತಳು. ನನಗೆ ರೇಗಿತು. "ಸುಮ್ನಿರಿ ಅಜ್ಜಿ, ಎಂಥ ಮಾತಾಡ್ತೀರಿ!" ಅಂತ ಗದರಿದೆ. ಭಯವಾದಾಗ ರೇಗುವುದು ನನ್ನ ಸ್ವಭಾವ. ಆ ಹಗಲು ಬೆಳಕಿನಲ್ಲಿ, ಆ ಮರದ ಕೆಳಗೆ, ನನ್ನ ಮೈಮೇಲಿನ ಕೂದಲೆಲ್ಲ ನಿಂತಿತ್ತು.

ಈಗ ನನ್ನ ಪೇಚಾಟ ನೋಡಿ. ಕೈಯಲ್ಲಿ ಒಂದು ಪರೀಕ್ಷೆಯ ಫಲಿತಾಂಶವಿದೆ, ಅದು ಯಾರದು ಅಂತ ಗೊತ್ತಿಲ್ಲ. ಅದನ್ನು ನಂಬಿ ಇನ್ನೂ ಹುಟ್ಟದ ಮಗುವಿಗೆ ತಾಯಿಯ ಹಾಲು ತಪ್ಪಿಸಲೇ? ಆ ಮಗು ಆರೋಗ್ಯವಾಗಿದ್ದರೆ? ಹಳ್ಳಿಯ ನೀರಿನಲ್ಲಿ ಡಬ್ಬದ ಪುಡಿ ಕಲಸಿ ಕುಡಿಸಿ, ಅದರಿಂದಲೇ ಭೇದಿಯಾಗಿ ಸತ್ತರೆ? ಹಾಗಂತ ಸುಮ್ಮನಿದ್ದರೆ, ಇದಕ್ಕೂ ಅಣ್ಣ ಅಕ್ಕಂದಿರ ಗತಿಯೇ ಆದರೆ? ಕೊನೆಗೆ ಒಂದು ದಾರಿ ಹೊಳೆಯಿತು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದುಕೊಂಡು ಆ ಕೆಲಸಗಾರ ಇದ್ದಾನೋ ಇಲ್ಲವೋ ಅಂತ ನೋಡಬಹುದು. ಅದರ ಫಲಿತಾಂಶ ಬರುವವರೆಗೆ ಮಾತ್ರ ಹಾಲು ಬೇಡ ಅನ್ನುವುದು. ಅಜ್ಜಿಗೆ ಕಾಗದದ ಮೇಲಿನ ಚುಕ್ಕೆ, ರಕ್ತ, ಯಾವುದೂ ಬೇಕಿರಲಿಲ್ಲ. ಪುರುಡಿನ ಮನೆಗೆ ಬನ್ನಿ ಅಂತ ಅವಳೇ ಕರೆದಳು. ನಾನು ನಂಬಿದ್ದನ್ನು ಅವಳು ನಂಬಲಿಲ್ಲ, ನಾನು ನಂಬಲಾರದ್ದನ್ನು ನಂಬಿ ನನ್ನ ಮಾತು ಕೇಳಿದಳು. ಬೇರೆ ಸಮಯದಲ್ಲಾಗಿದ್ದರೆ ನಾನು ಜಗಳವಾಡುತ್ತಿದ್ದೆ.

ಜಯಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಹಾಲು ಕೊಡಬೇಡ ಅನ್ನುತ್ತಿದ್ದಂತೆ ಅವಳ ಮುಖ ಬಿಳುಚಿಕೊಂಡಿತು. ಮತ್ತೆ ಅದೇ ಮಾತಲ್ಲವೇ! "ನಿನ್ನ ಹಾಲು ಕೆಟ್ಟಿಲ್ಲ ಕಣಮ್ಮ, ಯಾವತ್ತೂ ಕೆಟ್ಟಿರಲಿಲ್ಲ. ಮಗುವಿಗೇ ಹಾಲು ಅರಗಿಸೋ ಶಕ್ತಿ ಇಲ್ದೆ ಇರಬಹುದು" ಅಂತ ಮತ್ತೆ ಮತ್ತೆ ಹೇಳಿದೆ. ಜೋಲಿಯ ವಿಷಯ ನಾನು ಎತ್ತಲಿಲ್ಲ. ಆದರೆ ಅವಳಿಗೆ ಗೊತ್ತಾಗಿತ್ತು, ಅಜ್ಜಿ ಹೇಳಿರಬೇಕು. ಅವಳು ತಲೆ ತಗ್ಗಿಸಿಕೊಂಡೇ, "ಇದ್ನ ನನ್ ಅತ್ರಾನೇ ಮಲಗಿಸ್ತೀರಾ?" ಅಂತ ಕೇಳಿದಳು. ಖಂಡಿತ ಅಂದೆ. "ಅಂಗಾದ್ರೆ ಕೊಡಲ್ಲ ಬಿಡಿ" ಅಂದಳು.

ಆ ವಾರದಲ್ಲೇ ಹನುಮಂತಪ್ಪ ಸೈಕಲ್ ತುಳಿದುಕೊಂಡು ಯಶವಂತಪುರಕ್ಕೆ ಬಂದ, ನೋವು ಶುರುವಾಗಿದೆ ಅಂತ. ಹೆರಿಗೆ ಸಲೀಸಾಗಿ ಆಯಿತು. ಗಂಡುಮಗು. ಬಳ್ಳಿಯ ರಕ್ತವನ್ನು ಸೀಸೆಯಲ್ಲಿ ಹಿಡಿದು ಹನುಮಂತಪ್ಪನ ಕೈಯಲ್ಲೇ ಪ್ರೊಫೆಸರಿಗೆ ಕಳಿಸಿ ನಾನು ಅಲ್ಲೇ ಉಳಿದೆ. ನೀರು ಕಾಯಿಸಿ ಆರಿಸಿ ಪುಡಿ ಕಲಸಿ ಒಳಲೆಯಲ್ಲಿ ನಾನೇ ಕುಡಿಸಿದೆ. ಜಯಮ್ಮನ ಎದೆಯಲ್ಲಿ ಹಾಲು ಕಟ್ಟಿಕೊಂಡು ಕಲ್ಲಾಯಿತು. ಬತ್ತಲಿ ಅಂತ ಅಜ್ಜಿ ಮಲ್ಲಿಗೆ ಹೂ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದಳು. ಮಗು ಅತ್ತಾಗಲೆಲ್ಲ ಆ ಬಟ್ಟೆ ನೆನೆದುಹೋಗುತ್ತಿತ್ತು. ಜಯಮ್ಮ ಮಗುವನ್ನು ತಬ್ಬಿಕೊಂಡು ಹಲ್ಲುಕಚ್ಚಿ ಮಲಗಿರುತ್ತಿದ್ದಳು. ನೋಡಬಂದ ಹೆಂಗಸರು, ಇದೇನು ಹೆತ್ತ ಮಗುವಿಗೆ ಹಾಲಿಲ್ಲವಂತೆ ಅಂತ ಅವಳಿಗೆ ಕೇಳುವ ಹಾಗೇ ಆಡಿಕೊಂಡು ಹೋದರು. ನನಗಂತೂ ಊಟ ಸೇರಲಿಲ್ಲ.

ಕೊನೆಗೆ ಪ್ರೊಫೆಸರೇ ಬದುವಿನ ಮೇಲೆ ಪ್ಯಾಂಟು ಮೇಲೆತ್ತಿಕೊಂಡು ನಡೆದು ಬಂದರು. ಬಳ್ಳಿಯ ರಕ್ತದಲ್ಲಿ ಆ ಕೆಲಸಗಾರ ಇಲ್ಲ ಅಂದರು. ಒಬ್ಬನೂ ಇಲ್ಲ. ಅವನ ಅಣ್ಣ ಅಕ್ಕಂದಿರನ್ನು ಕೊಂದದ್ದೂ ಅದೇ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಮಗು ಹಾಲನ್ನೇ ಮುಟ್ಟದೆ ಬೆಳೆಯಿತು. ಡಬ್ಬ ಮುಗಿದ ಮೇಲೆ ಕಡಲೆಕಾಯಿ ಬೀಜ ರುಬ್ಬಿ ಹಿಂಡಿದ ಹಾಲು, ಆಮೇಲೆ ರಾಗಿ ಸರಿ. ಅವನು ಹಳದಿಯಾಗಲಿಲ್ಲ, ವಾಂತಿ ಮಾಡಲಿಲ್ಲ. ಈಗ ಅವನಿಗೇ ಮಕ್ಕಳಿದ್ದಾರೆ.

ಜೋಲಿಯ ಸಂಗತಿಯನ್ನು ಪ್ರೊಫೆಸರಿಗೆ ಹೇಳಲು ನನಗೆ ತುಂಬ ಕಾಲ ಹಿಡಿಯಿತು. ಅವರು ನಗಲಿಲ್ಲ. ಮನೆ ತಪ್ಪಿರಬಹುದು, ಬೇರೆ ಊರಿನ ಯಾರೋ ನೆಂಟರ ಮಗು ಅವತ್ತೊಂದು ದಿನ ಅಲ್ಲಿದ್ದಿರಬಹುದು ಅಂದರು. ಇರಬಹುದು. ಹಾಗಿದ್ದರೆ ಬೇರೆ ವಂಶದ, ಅದೇ ಅಪರೂಪದ ರೋಗದ ಇನ್ನೊಂದು ಕೂಸು, ಅದೇ ಊರಿಗೆ, ಅದೇ ದಿನ ಬಂದು, ಯಾರ ಕಣ್ಣಿಗೂ ಬೀಳದೆ ಹೋಯಿತು ಅನ್ನಬೇಕು. ಬಿಸಿಲಿಗೆ ನನಗೆ ಭ್ರಮೆಯಾಗಿತ್ತು ಅನ್ನೋಣವೇ? ಭ್ರಮೆಯನ್ನು ಸೀಸೆಗೆ ಹಿಂಡಲಾಗುವುದಿಲ್ಲ. ಇಟ್ಟಿಗೆ ಕೆಂಪನ್ನು ಅವರೂ ನೋಡಿದ್ದರು. ಹುಟ್ಟಲಿದ್ದ ಮಗುವೇ ಹೇಗೋ ಮುಂಚಿತವಾಗಿ ಕಂಡಿತು ಅಂತ ಕಥೆ ಕಟ್ಟುವವರು ಕಟ್ಟಬಹುದು. ಅದು ಗಂಡು, ನಾನು ಕಂಡದ್ದು ಹೆಣ್ಣು. ಅದಕ್ಕಿಂತ ಮುಖ್ಯವಾಗಿ, ಹಾಲು ಕುಡಿಯದ ಕೂಸಿನ ಮೂತ್ರದಲ್ಲಿ ಅಷ್ಟೊಂದು ಆ ಸಕ್ಕರೆ ಬರುವುದಿಲ್ಲ. ಆ ಬಟ್ಟೆಯನ್ನು ಒದ್ದೆ ಮಾಡಿದ್ದು ದಿನಗಟ್ಟಲೆ ಹಾಲು ಕುಡಿದ ಕೂಸು. ಇಲ್ಲಿಯವರೆಗೆ ನನ್ನ ವಿದ್ಯೆ ನನ್ನನ್ನು ಕರೆದುಕೊಂಡು ಬರುತ್ತದೆ, ಇಲ್ಲಿಗೆ ಬಂದು ನಿಲ್ಲಿಸಿಬಿಡುತ್ತದೆ. ಮುಂದಕ್ಕೆ ಒಂದು ಹೆಜ್ಜೆಯನ್ನೂ ನಾನು ಇಡಲಾರೆ.

ಹುಡುಗ ತಪ್ಪುಹೆಜ್ಜೆ ಇಡುವ ವಯಸ್ಸಿನಲ್ಲಿ ಒಮ್ಮೆ ಅವನನ್ನು ನೋಡಲು ಹೋಗಿದ್ದೆ. ಅಷ್ಟು ಹೊತ್ತಿಗೆ ಜಯಮ್ಮ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅಜ್ಜಿ ಹೊಲಕ್ಕೆ ಹೋಗಿದ್ದಳು. ಮಗುವಿಗೆ ಉಣ್ಣಿಸಿ ಬಾಯಿ ಒರೆಸಿ, ನನ್ನ ಮುಖ ನೋಡದೆ ಕೇಳಿದಳು:

"ಅಕ್ಕ, ಅವಳು ಎಂಗಿದ್ಲು?"

ಯಾರು ಅಂತ ನಾನು ಕೇಳಲಿಲ್ಲ.

"ನನ್ ಆಲು ವಿಷ ಅಂತ ಅವಳ್ನ ನನ್ ಅತ್ರಕ್ಕೇ ತರ್ಲಿಲ್ಲ ಅಕ್ಕ. ಉಟ್ಟಿದ್ ತಕ್ಷಣ ಎತ್ಕೊಂಡೋದ್ರು. ಗೋಡೆ ಆಚೆ ಅಳೋದ್ ಕೇಳಿಸ್ಕೊಂಡು ಬಿದ್ದಿದ್ದೆ. ಮಣ್ಣಿಗೆ ತಗೊಂಡೋಗೋವಾಗ್ಲೂ ಮುಖ ಮುಚ್ಚಿತ್ತು. ಒಂದ್ ಕಿತಾನೂ ಮುಟ್ಟಿಲ್ಲ ನಾನು. ನೀವ್ ಮುಟ್ಟಿದ್ರಲ್ಲ, ನೀವೇ ಏಳಿ."

ಯಾವ ಸಭೆಯಲ್ಲೂ "ಬಹುಶಃ" ಅನ್ನದೆ ಬಾಯಿ ತೆರೆದವಳಲ್ಲ ನಾನು. ಅವತ್ತು ಆ ಪದ ನನ್ನ ಬಾಯಿಗೆ ಬರಲಿಲ್ಲ. ಕಂಡದ್ದನ್ನೆಲ್ಲ ಹೇಳಿದೆ. ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು ಅಂದೆ. ಮೈ ಬೆಚ್ಚಗಿತ್ತು ಅಂದೆ. ಅವಳು ಸೆರಗು ಕಚ್ಚಿಕೊಂಡು ಕೇಳುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹುಡುಗ ಅವಳ ಮಡಿಲು ಹತ್ತಿ ಕೂತ.

"ನನ್ನಂಗಿದ್ಲಾ?" ಅಂದಳು.

ಹೌದು ಅಂದೆ. ಹಾಗೇ ಇದ್ದಳು.